ನೀರಿನ ತಿಳಿಯನ್ನು ಮಕ್ಕಳು ಅಳೆಯಲಿ

ನಿಮ್ಮ ಮಗನೋ ಮಗಳೋ ಶಾಲೆಯಿಂದ ಬಂದು ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನೂ ಹಳೆಯ ಡಬ್ಬಿಯ ಬಿಳಿಯ ಮುಚ್ಚಳವನ್ನೂ ಕೇಳಿದರೆ ಗದರಿಸಬೇಡಿ. ನೀರಿನ ತಿಳಿಯನ್ನು ಅಳೆಯುವ ಸಾಧನವೊಂದನ್ನು ಇವುಗಳಿಂದಲೇ ತಯಾರಿಸಬಹುದು. ಉಪಾಧ್ಯಾಯರು ಮಕ್ಕಳಿಗೆ ಕಲಿಸುವ ಈ ಕ್ರಮವನ್ನು ದಂಪತಿಗಳಾದ ನೀವಿಬ್ಬರೂ ಅರಿತಿರುವುದು ಅವಶ್ಯಕ. ಅಳೆಯುವವರು ಮಕ್ಕಳಾದರೂ ಆ ನೀರನ್ನು ಶೋಧಿಸಿ, ಕಾಯಿಸಿ, ಮನೆಮಂದಿಗೆ ಕುಡಿಸುವವರು ನೀವು.

ಪಾರದರ್ಶಕವಾದ ಉದ್ದನೆಯ ಬಾಟಲಿಯ ಕತ್ತನ್ನು ಹಿರಿಯರೊಬ್ಬರು ಕತ್ತರಿಸಿಕೊಡಬೇಕು. ಮುಚ್ಚಳದಿಂದ ಬಾಟಲಿಯ ತಳಕ್ಕೆ ಹಿಡಿಸುವಷ್ಟು ಬಿಲ್ಲೆಯನ್ನು ಕತ್ತರಿಸಿ, ಅದರ ಮೇಲೆ ನೀರಿಗೆ ಅಳಿಯದ ಕಪ್ಪು ಬಣ್ಣದಿಂದ ಗುಣಾಕಾರದ ಚಿಹ್ನೆಯನ್ನು ಬರೆದು ತಳದಲ್ಲಿ ಅಂಟಿಸಬೇಕು. ಹೊರಮೈಗೆ, ಬಿಲ್ಲೆಯ ಮಟ್ಟದಿಂದ ಮೇಲಕ್ಕೆ, ಸೆಂಟಿಮೀಟರುಗಳನ್ನು ಗುರುತಿಸಿದ ಕಾಗದದ ಪಟ್ಟಿ. ಇಷ್ಟೇ ಸಾಧನ. ನೀರನ್ನು ಚೆನ್ನಾಗಿ ಕಲಕಿ, ನೆರಳಿನಲ್ಲಿ ನಿಂತು, ಮೇಲಿನಿಂದ ನೇರವಾಗಿ ನೋಡುತ್ತ ಸ್ವಲ್ಪಸ್ವಲ್ಪವಾಗಿ ಸುರಿಯಬೇಕು. ಚಿಹ್ನೆಯು ಮರೆಯಾದೊಡನೆ ನಿಲ್ಲಿಸಿ ನೀರಿನ ಎತ್ತರವನ್ನು ಓದಬೇಕು. ಎತ್ತರ ಕಡಿಮೆಯಾದಷ್ಟೂ ನೀರು ಹೆಚ್ಚು ಬಗ್ಗಡ. ಎಲ್ಲರ ದೃಷ್ಟಿಯೂ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಇಬ್ಬರು ಮಕ್ಕಳು ಬೇರೆಬೇರೆಯಾಗಿ ಓದಿ ಸರಾಸರಿ ತೆಗೆಯುವುದು ಲೇಸು.

ಇದು ಆಟಿಕೆಯೆಂದು ತಿಳಿಯಬಾರದು. ಇಟಲಿಯ ಪಾದ್ರಿಯೂ ಖಗೋಳಶಾಸ್ತ್ರಜ್ಞರೂ ಆಗಿದ್ದ ಆಂಜೆಲೊ ಸೆಕ್ಕಿ ಅವರು 1865ರಲ್ಲಿ ಹಡಗಿನಿಂದ ಬಿಲ್ಲೆಯನ್ನು ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳದಿಂದ ಸಮುದ್ರದ ತಿಳಿಯನ್ನು ಅಳೆದರು. ಕೆರೆಗಳನ್ನು ಪರೀಕ್ಷಿಸುವವರು ಇಂದಿಗೂ ಅದೇ ಉಪಾಯವನ್ನು ಬಳಸುತ್ತಾರೆ. ಆದರೆ ಮಕ್ಕಳನ್ನು ಕೆರೆ ಬಾವಿಗಳ ಅಂಚಿಗೆ ಬಿಡದೆ, ನೀರನ್ನು ಕೊಡದಲ್ಲಿ ತಂದುಕೊಡಿ.

ಬಗ್ಗಡವೇ ರೋಗವಲ್ಲ. ಆದರೆ ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಉಳಿದುಕೊಳ್ಳಬಲ್ಲವು; ಬಾವಿಗೆ ಹಾಕಿದ ಬ್ಲೀಚಿಂಗ್ ಪುಡಿಯ ಶಕ್ತಿಯೂ ಈ ಕಲ್ಮಶದ ಮೇಲೆಯೇ ವ್ಯಯವಾಗಿಬಿಡುತ್ತದೆ. ನಿನ್ನೆ ಬಾಟಲಿ ತುಂಬಿದರೂ ಕಾಣುತ್ತಿದ್ದ ಚಿಹ್ನೆ, ಮಳೆಯ ಮರುದಿನ 8 ಸೆಂಟಿಮೀಟರಿಗೇ ಮರೆಯಾದರೆ, ಊರಿನ ಕೊಳೆನೀರು ಬಾವಿಗೆ ಇಳಿದಿರಬಹುದೆಂದು ಶಂಕಿಸಿರಿ. ಆರೋಗ್ಯ ಕಾರ್ಯಕರ್ತೆಗೆ ಅಂದೇ ತಿಳಿಸಿರಿ. ಕುಡಿಯುವ ನೀರನ್ನು ತಿಳಿಯಾಗಲು ಬಿಟ್ಟು, ನಾಲ್ಕು ಮಡಿಕೆಯ ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಶೋಧಿಸಿ, ಕೊತಕೊತನೆ ಕುದಿಸಿ, ಮುಚ್ಚಿಡಿರಿ. ಈ ಕೆಲಸವೆಲ್ಲ ಹೆಂಡತಿಯೊಬ್ಬಳದೇ ಎಂದು ಭಾವಿಸುವ ಗಂಡಂದಿರು ಇನ್ನೂ ಇದ್ದಾರೆ. ಕೊಡ ಎತ್ತಲು, ಒಲೆಗೆ ಸೌದೆ ಒಡ್ಡಲು ಗಂಡಸಿನ ಕೈಯೂ ಆಗುತ್ತದೆ. ಆರು ತಿಂಗಳು ತುಂಬದ ಕೂಸಿಗೆ ತಾಯಿಯ ಹಾಲಲ್ಲದೆ ಕುದಿಸಿದ ನೀರೂ ಬೇಡ.

ಚಿಹ್ನೆ ಸ್ಪಷ್ಟವಾಗಿ ಕಂಡಿತೆಂದು ಕಾಯಿಸದೆ ಕುಡಿಯುವುದು ಇನ್ನೂ ಅಪಾಯಕರ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಬಗ್ಗಡವು 1 ಮೂಲಮಾನದೊಳಗಿರಬೇಕು. ಬೇರೆ ನೀರು ದೊರೆಯದಿದ್ದಲ್ಲಿ ಮಾತ್ರ 5ರವರೆಗೆ ಒಪ್ಪಬಹುದು. ಇಷ್ಟು ಸೂಕ್ಷ್ಮವನ್ನು ನಮ್ಮ ಗಿಡ್ಡ ಬಾಟಲಿ ತೋರಿಸಲಾರದು. ವಾಂತಿಭೇದಿಯ ರೋಗಾಣುಗಳಂತೂ ಸ್ಫಟಿಕದಂಥ ನೀರಿನಲ್ಲಿಯೂ ಇರಬಲ್ಲವು. ಕೋಲಾರ, ಪಾವಗಡ ಕಡೆಯ ಅನೇಕ ಕೊಳವೆಬಾವಿಗಳ ನೀರು ನೋಡಲು ನಿರ್ಮಲವಾಗಿದ್ದರೂ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಅದರಲ್ಲಿದೆ. ಕುದಿಸಿದರೂ ಅದು ಹೋಗುವುದಿಲ್ಲ. ಅಂಥ ಊರುಗಳಲ್ಲಿ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವಂತೆ ಗ್ರಾಮ ಪಂಚಾಯಿತಿಯನ್ನು ಕೇಳಿರಿ, ಮಕ್ಕಳು ಬರೆದಿಟ್ಟ ಅಳತೆಯ ಪುಸ್ತಕವನ್ನೂ ಜೊತೆಗೆ ಒಯ್ಯಿರಿ.