ಹುಟ್ಟು ಹಾಕುವ ಮುನ್ನ

ಬ್ರಿಟನ್ನಿನ ಅನೇಕ ಊರುಗಳಲ್ಲಿ ದೋಣಿವಿಹಾರದ ಸಂಘಗಳುಂಟು. ವಾರವೆಲ್ಲ ಕಚೇರಿಯಲ್ಲಿಯೋ ಅಂಗಡಿಯಲ್ಲಿಯೋ ದುಡಿದ ಗೃಹಸ್ಥರು ರಜೆಯ ದಿನ ಕಯಾಕ್ ಎಂಬ ಕಿರುದೋಣಿಯನ್ನು ಹೆಗಲ ಮೇಲೆ ಹೊತ್ತು ಹೊಳೆಯ ದಂಡೆಗೆ ಬರುತ್ತಾರೆ. ಎರಡು ತುದಿಯಲ್ಲಿಯೂ ಅಲಗುಳ್ಳ ಹುಟ್ಟಿನಿಂದ ಎಡಕ್ಕೂ ಬಲಕ್ಕೂ ನೀರನ್ನು ಸೆಳೆಯುತ್ತ ಸಾಗುವ ದೋಣಿ ಇದು. ಈಚಿನ ವರ್ಷಗಳಲ್ಲಿ ಅಗಲವಾದ ಹಲಗೆಯ ಮೇಲೆ ನಿಂತೇ ಹುಟ್ಟು ಹಾಕುವ ಆಟವೂ ಇದರೊಡನೆ ಸೇರಿಕೊಂಡಿದೆ. ಇಂತಹ ಸಂಘವನ್ನು ನಡೆಸುವವರಿಗೆ ತೋಳ್ಬಲವೇ ಮುಖ್ಯವೆಂದು ನಾವು ಭಾವಿಸುವುದು ಸಹಜ. ಆದರೆ ಅಲ್ಲಿ ನಡೆದ ಎರಡು ದುರಂತಗಳ ವೃತ್ತಾಂತವನ್ನು ತಿಳಿದವರಿಗೆ ಬೇರೊಂದು ಗುಣವೇ ಅದಕ್ಕಿಂತ ಮಿಗಿಲೆಂದು ತೋರದಿರದು. ದಡದ ಮೇಲೆ ನಿಂತು “ಇಂದು ಬೇಡ” ಎಂದು ಹೇಳಬಲ್ಲ ಎದೆಗಾರಿಕೆಯೇ ಆ ಗುಣ.

1993ರ ಮಾರ್ಚ್ 22ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್‌ನಿಂದ ಎಂಟು ಮಂದಿ ವಿದ್ಯಾರ್ಥಿಗಳು, ಅವರ ಉಪಾಧ್ಯಾಯರೊಬ್ಬರು ಹಾಗೂ ಸಾಹಸ ಶಿಬಿರದ ಇಬ್ಬರು ತರಬೇತುದಾರರು ಕಯಾಕುಗಳಲ್ಲಿ ಹೊರಟರು. ಅವರು ಸೇರಬೇಕಾಗಿದ್ದ ಚಾರ್ಮತ್ ಕೆಲವೇ ಕಿಲೋಮೀಟರು ದೂರ. ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಉಪಾಧ್ಯಾಯರ ದೋಣಿ ಮಗುಚಿತು. ಒಬ್ಬ ತರಬೇತುದಾರರು ಅವರ ನೆರವಿಗೆ ನಿಂತರು; ಇನ್ನೊಬ್ಬರು ಮಕ್ಕಳ ದೋಣಿಗಳನ್ನು ಒಂದಕ್ಕೊಂದು ಸೇರಿಸಿ ಹಿಡಿಸಿದರು. ಅಷ್ಟರಲ್ಲಿ ನೆಲದಿಂದ ಕಡಲಿನತ್ತ ಬೀಸುತ್ತಿದ್ದ ಗಾಳಿ ಆ ಗುಂಪನ್ನು ದೂರಕ್ಕೆ ಒಯ್ದಿತು. ಅಲೆಗಳೆದ್ದು ದೋಣಿಗಳಿಗೆ ನೀರು ತುಂಬಿತು. ನೀರು ನುಗ್ಗದಂತೆ ದೋಣಿಯ ಬಾಯನ್ನು ಮುಚ್ಚುವ ಹೊದಿಕೆ ಇರಲಿಲ್ಲ. ಆಪತ್ತನ್ನು ಸಾರುವ ಬೆಳಕಿನ ಬಾಣಗಳೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬರಬೇಕಾದವರು ಬಾರದಿದ್ದರೂ ಕರಾವಳಿ ರಕ್ಷಕರಿಗೆ ಸುದ್ದಿ ಮುಟ್ಟಿದುದು ಬಹಳ ತಡವಾಗಿ. ಗಂಟೆಗಟ್ಟಲೆ ತಣ್ಣೀರಿನಲ್ಲಿದ್ದ ಮಕ್ಕಳಲ್ಲಿ ನಾಲ್ವರು ತೀರಿಕೊಂಡರು. ಶಿಬಿರದಲ್ಲಿ ಸುರಕ್ಷತೆ ಸಾಲದೆಂದು ಹಿಂದೆ ಅಲ್ಲಿಯೇ ದುಡಿದವರು ಮೊದಲೇ ಕಾಗದ ಬರೆದು ಎಚ್ಚರಿಸಿದ್ದರೆಂಬುದು ವಿಚಾರಣೆಯಲ್ಲಿ ಹೊರಬಿದ್ದಿತು. 1994ರಲ್ಲಿ ಕಂಪೆನಿಯೂ ಅದರ ಮುಖ್ಯಸ್ಥನೂ ತಪ್ಪಿತಸ್ಥರೆಂದು ತೀರ್ಪಾಯಿತು. 1995ರಲ್ಲಿ ಮಕ್ಕಳ ಸಾಹಸ ಕೇಂದ್ರಗಳಿಗೆ ಪರವಾನಗಿ ವಿಧಿಸುವ ಶಾಸನವೇ ಬಂದಿತು.

ಎರಡನೆಯದು ನದಿಯ ಕಥೆ. 2021ರ ಅಕ್ಟೋಬರ್ 30ರಂದು ವೇಲ್ಸಿನ ಹ್ಯಾವರ್‌ಫರ್ಡ್‌ವೆಸ್ಟ್‌ನಲ್ಲಿ ಒಂಬತ್ತು ಮಂದಿ ಹಲಗೆಗಳನ್ನೇರಿ ಹೊರಟರು. ಮಳೆಯಿಂದ ಹೊಳೆ ತುಂಬಿ ಹರಿಯುತ್ತಿತ್ತು. ಊರ ನಡುವೆ ನದಿಗೆ ಅಡ್ಡವಾಗಿ ತಗ್ಗಾದ ಒಂದು ಒಡ್ಡು, ಅದರ ಮಧ್ಯದಲ್ಲಿ ಮೀನುಗಳು ಏರಿಹೋಗಲೆಂದು ಮಾಡಿದ ಇಳಿಜಾರು. ಮುಂದಾಳು ಆ ಇಳಿಜಾರಿನಲ್ಲಿ ದಾಟಿಹೋದಳು; ಹಿಂದೆ ಬಂದವರನ್ನು ಒಡ್ಡಿನ ನೀರು ಸೆಳೆದುಕೊಂಡಿತು. ಸುರಕ್ಷಿತವಾಗಿ ದಡ ಸೇರಿದ್ದ ಇನ್ನೊಬ್ಬ ಮುಂದಾಳು ಸಂಗಡಿಗರನ್ನು ಉಳಿಸಲೆಂದು ಮತ್ತೆ ನೀರಿಗಿಳಿದು ತಾನೇ ಬಲಿಯಾದನು. ಒಟ್ಟು ನಾಲ್ವರು ಮಡಿದರು. ಅಪಾಯದ ಸ್ಥಳದ ವಿಷಯವಾಗಿ ಸದಸ್ಯರಿಗೆ ಸರಿಯಾದ ಸೂಚನೆಯನ್ನೇ ಕೊಟ್ಟಿರಲಿಲ್ಲವೆಂದು ತನಿಖೆ ತಿಳಿಸಿತು. 2025ರಲ್ಲಿ ಆ ಮುಂದಾಳಿಗೆ ಹತ್ತೂವರೆ ವರ್ಷಗಳ ಸೆರೆವಾಸವಾಯಿತು.

ಇಷ್ಟು ತಗ್ಗಾದ ಒಡ್ಡು ಕೊಲ್ಲುವುದು ಹೇಗೆಂದು ವಾಚಕರು ಕೇಳಬಹುದು. ಮೇಲಿನಿಂದ ಧುಮುಕಿದ ನೀರು ಬುಡದಲ್ಲಿ ಸುರುಳಿಗೊಂಡು ಮತ್ತೆ ಒಡ್ಡಿನ ಕಡೆಗೇ ಹೊರಳುತ್ತದೆ. ಅದರಲ್ಲಿ ಸಿಕ್ಕವನನ್ನು ಕೆಳಕ್ಕೆ ಎಳೆದು, ಮೇಲೆತ್ತಿ, ತಿರುಗಿ ಎಳೆಯುತ್ತದೆ. ನೊರೆ ಬೆರೆತ ಆ ನೀರಿಗೆ ದೇಹವನ್ನು ತೇಲಿಸುವ ಶಕ್ತಿಯೂ ಕಡಿಮೆ. ದೋಣಿಯಲ್ಲಿ ಬರುವವನಿಗೆ ಮಾತ್ರ ದೂರದಿಂದ ಕಾಣುವುದು ಒಂದು ನುಣುಪಾದ ಗೆರೆಯಷ್ಟೇ.

ಆದುದರಿಂದ ಒಳ್ಳೆಯ ಸಂಘದ ಕೆಲಸ ನೀರಿಗಿಳಿಯುವ ಮುನ್ನವೇ ಮುಕ್ಕಾಲು ಪಾಲು ಮುಗಿದಿರುತ್ತದೆ. ಮುಂದಾಳು ಹವಾಮಾನದ ವರದಿಯನ್ನೂ ಹೊಳೆಯ ಮಟ್ಟವನ್ನೂ ನೋಡಿ, ದಾರಿಯನ್ನು ದಂಡೆಯ ಮೇಲೆ ನಡೆದು ಪರೀಕ್ಷಿಸಿರುತ್ತಾನೆ. ಬಂದವರ ಹೆಸರು, ಮನೆಯವರ ದೂರವಾಣಿ, ಕಾಯಿಲೆಗಳ ವಿವರ ಪಟ್ಟಿಯಲ್ಲಿರುತ್ತವೆ. ಅತ್ಯಂತ ದುರ್ಬಲ ಸದಸ್ಯನ ಶಕ್ತಿಯೇ ಆ ದಿನದ ಅಳತೆಗೋಲು. ಹೊಸಬರು ಶಾಂತವಾದ ನೀರಿನಲ್ಲಿ ಬೇಕೆಂದೇ ದೋಣಿ ಮಗುಚಿ ಹೊರಬರುವುದನ್ನು ಕಲಿತಿರಬೇಕು. ಮೈಗೆ ಒಪ್ಪುವ ತೇಲು ಜಾಕೆಟ್ಟನ್ನು ಧರಿಸದೆ ಯಾರೂ ಹೊರಡುವಂತಿಲ್ಲ. ಹರಿಯುವ ನೀರಿನಲ್ಲಿ ಹಲಗೆಯ ಹಗ್ಗವನ್ನು ಕಾಲಿಗೆ ಕಟ್ಟುವುದು ಅಪಾಯಕರ, ಅದು ಕೊಂಬೆಗೋ ಕಲ್ಲಿಗೋ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲಾಗದು. ಒಂದೇ ಸೆಳೆತಕ್ಕೆ ಬಿಚ್ಚಿಕೊಳ್ಳುವ ಸೊಂಟಪಟ್ಟಿಗೆ ಕಟ್ಟಬೇಕು. ಸಾಲಿನ ಮುಂದೊಬ್ಬ ಅನುಭವಿ, ಹಿಂದೊಬ್ಬ ಅನುಭವಿ. ಬಿದ್ದವನಿಗೆ ಮೊದಲು ಹುಟ್ಟು ಚಾಚುವುದು, ಇಲ್ಲವೇ ಹಗ್ಗ ಎಸೆಯುವುದು, ತಾನೇ ಧುಮುಕುವುದಲ್ಲ. ಇಷ್ಟು ಗಂಟೆಗೆ ಮರಳದಿದ್ದರೆ ಯಾರಿಗೆ ತಿಳಿಸಬೇಕೆಂಬುದನ್ನು ಬಲ್ಲ ಒಬ್ಬರು ದಡದಲ್ಲಿರಲೇಬೇಕು.

ಇದು ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಕಾವೇರಿಯುದ್ದಕ್ಕೂ ಹಳೆಯ ಅಣೆಗಳಿವೆ. ಅವುಗಳ ಬುಡದ ನೀರೂ ಇದೇ ರೀತಿ ಹೊರಳುತ್ತದೆ. ಹಂಪೆಯಲ್ಲಿ ಹರಿಗೋಲು ಹತ್ತುವ, ದಾಂಡೇಲಿಯ ಬಳಿ ಕಾಳಿನದಿಯ ರಭಸವನ್ನು ಸವಿಯುವ ಸಂಸಾರಗಳು ಅನೇಕ. ಮಕ್ಕಳನ್ನು ಸಾಹಸ ಶಿಬಿರಕ್ಕೆ ಕಳುಹಿಸುವ ತಂದೆತಾಯಿಗಳು ಊಟ ವಸತಿಗಳನ್ನು ವಿಚಾರಿಸುವಂತೆಯೇ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: “ನೀರು ಹೆಚ್ಚಿದ ದಿನ ನೀವು ಏನು ಮಾಡುತ್ತೀರಿ?” “ಹೋಗುವುದಿಲ್ಲ, ಹಣ ಹಿಂತಿರುಗಿಸುತ್ತೇವೆ” ಎಂದು ಹಿಂಜರಿಯದೆ ಹೇಳುವವರ ಕೈಗೆ ಮಕ್ಕಳನ್ನು ಒಪ್ಪಿಸಬಹುದು. ಅಂದು ಮಕ್ಕಳು ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದಾರು. ಬರುವ ಭಾನುವಾರ ಹೊಳೆ ಅಲ್ಲಿಯೇ ಇರುತ್ತದೆ.