ಜೆ.ಸಿ. ರಸ್ತೆಯಲ್ಲಿ ಟೂ ಸ್ಟ್ರೋಕ್ ದುರಸ್ತಿ: ಸಣ್ಣ ಜೇಬು, ದೊಡ್ಡ ಪಿಕಪ್

ಬೆಂಗಳೂರಿನ ಪುರಭವನದ ಎದುರು ಬಸ್ಸಿಳಿದು, ರವೀಂದ್ರ ಕಲಾಕ್ಷೇತ್ರ ದಾಟಿ ಮಿನರ್ವ ಸರ್ಕಲ್ ಕಡೆ ಹೊರಟರೆ ನಾಟಕದ ಬ್ಯಾನರುಗಳು ಮುಗಿದು ಹಾರ್ನು, ಬಂಪರು, ಸೀಟ್ ಕವರುಗಳ ಲೋಕ ಶುರುವಾಗುತ್ತದೆ. ಇದು ಜೆ.ಸಿ. ರಸ್ತೆ. ಗಿರಾಕಿ ಅಂಗಡಿ ಹುಡುಕುವ ಮೊದಲೇ ಅಂಗಡಿಯವರು ಫುಟ್‌ಪಾತಿಗೆ ಇಳಿದು ಗಿರಾಕಿಯನ್ನು ಹಿಡಿದಿರುತ್ತಾರೆ. “ಯಾವ್ ಗಾಡಿ ಸಾರ್? ಏನ್ ಬೇಕು?” ಎನ್ನುತ್ತಾ ಹುಡುಗರು ಜೊತೆಗೇ ಹೆಜ್ಜೆ ಹಾಕುತ್ತಾರೆ. “ಆರ್‌ಎಕ್ಸ್ ಹಂಡ್ರೆಡ್” ಎಂದರೆ ಮರುಪ್ರಶ್ನೆ ಸಿದ್ಧ: “ಒರಿಜಿನಲ್ಲಾ, ಲೋಕಲ್ ನಡಿಯುತ್ತಾ?”

ಯಮಹಾ ಆರ್‌ಎಕ್ಸ್ 100 ನಮ್ಮಲ್ಲಿ 1985ರಿಂದ 1996ರವರೆಗೆ ತಯಾರಾಯಿತು. 98 ಸಿ.ಸಿ., 7,500 ಆರ್‌ಪಿಎಮ್‌ನಲ್ಲಿ 11 ಅಶ್ವಶಕ್ತಿ, ತೂಕ ನೂರು ಕಿಲೋದ ಆಸುಪಾಸು. ಕೊನೆಯ ಗಾಡಿ ಹೊರಬಂದು ಮೂರು ದಶಕ ಕಳೆಯುತ್ತ ಬಂದರೂ ಅದರ ಪಿಸ್ಟನ್, ರಿಂಗು, ರೀಡ್ ವಾಲ್ವುಗಳಿಗೆ ಈ ರಸ್ತೆಯಲ್ಲಿ ಇಂದಿಗೂ ಬೇಡಿಕೆ. ಅವನ್ನು ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಅಪ್ಪನದೋ ಮಾವನದೋ ಗಾಡಿ ಕೈಗೆ ಬಂದ ಹುಡುಗರು. ಎಲ್ಲರ ಆಸೆಯೂ ಒಂದೇ, ಗಾಡಿ ಇನ್ನಷ್ಟು ಎಳೆಯಬೇಕು. ಎಲ್ಲರ ಕಷ್ಟವೂ ಒಂದೇ, ಜೇಬಿನಲ್ಲಿ ಹೆಚ್ಚು ದುಡ್ಡಿಲ್ಲ.

ಆ ದುಡ್ಡನ್ನು ಎಲ್ಲಿ ಮೊದಲು ಹಾಕಬೇಕು ಎಂದು ತಿಳಿಯಲು ಮುಖ್ಯರಸ್ತೆ ಬಿಟ್ಟು ಕಲಾಸಿಪಾಳ್ಯದ ಕಡೆಯ ಗಲ್ಲಿಗೆ ಇಳಿಯಬೇಕು.

ಮೊದಲು ಸೋರಿಕೆ

ಎರಡು ಗಾಡಿ ನಿಲ್ಲಿಸಿದರೆ ಮೂರನೆಯದಕ್ಕೆ ಜಾಗವಿಲ್ಲದ ಗ್ಯಾರೇಜು. ಹಾಸನದ ಕಡೆಯ ಹುಡುಗನೊಬ್ಬ ಬಂದ ಕೂಡಲೇ ಕೇಳಿದ: “ಅಣ್ಣಾ, ಪೋರ್ಟಿಂಗ್ ಹೊಡ್ಸಿದ್ರೆ ಎಷ್ಟು ಎಳೆಯುತ್ತೆ?” ಮೇಸ್ತ್ರಿ ಉತ್ತರ ಕೊಡದೆ ಗೇರ್ ಆಯಿಲ್ ಮುಚ್ಚಳ ಬಿಚ್ಚಿ ಒಳಗೆ ಇಣುಕಿದರು. “ಲಾಸ್ಟ್ ಟೈಮ್ ಆಯಿಲ್ ಯಾವಾಗ ಹಾಕಿದ್ದು ತಮ್ಮಾ? ಅರ್ಧ ಇಲ್ಲ. ನೆಲದ ಮೇಲೂ ಬಿದ್ದಿಲ್ಲ. ಎಲ್ಲಿಗೆ ಹೋಯ್ತು?”

ಆಯಿಲ್ ಇಂಜಿನ್ನಿನೊಳಗೆ ಸುಟ್ಟುಹೋಗಿತ್ತು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸೇ ಒಂದು ಪಂಪು. ಪಿಸ್ಟನ್ ಮೇಲೇರಿದಾಗ ಕೆಳಗೆ ನಿರ್ವಾತವಾಗಿ ಪೆಟ್ರೋಲು-ಗಾಳಿ ಒಳಬರುತ್ತದೆ. ಪಿಸ್ಟನ್ ಇಳಿದಾಗ ಅದೇ ಮಿಶ್ರಣ ಒತ್ತಿಕೊಂಡು ಟ್ರಾನ್ಸ್‌ಫರ್ ಪೋರ್ಟುಗಳ ಮೂಲಕ ಸಿಲಿಂಡರಿಗೆ ನುಗ್ಗುತ್ತದೆ. ಕ್ರ್ಯಾಂಕಿನ ಎರಡು ತುದಿಯ ರಬ್ಬರ್ ಸೀಲುಗಳು ಈ ಪಂಪಿನ ಬಾಗಿಲು ಕಾಯುತ್ತವೆ. ಬಲಗಡೆ, ಕ್ಲಚ್ ಬದಿಯ ಸೀಲು ಹೋದರೆ ಇಂಜಿನ್ ಗೇರ್ ಆಯಿಲನ್ನೇ ಹೀರಿ ಬಿಳಿ ಹೊಗೆ ಉಗುಳುತ್ತದೆ. ಎಡಗಡೆ, ಮ್ಯಾಗ್ನೆಟ್ ಬದಿಯದು ಹೋದರೆ ಹೊರಗಿನ ಗಾಳಿ ಸೇರಿಕೊಂಡು ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಕಾಯುತ್ತದೆ, ಒಂದು ದಿನ ಹೆದ್ದಾರಿಯ ಮಧ್ಯೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಈ ಸೀಲುಗಳು ದುರಸ್ತಿಯ ಇಡೀ ಪಟ್ಟಿಯಲ್ಲೇ ಅಗ್ಗದ ಸಾಮಾನು. ಬಲಗಡೆಯದಕ್ಕೆ ಕ್ಲಚ್ ಬಿಚ್ಚಬೇಕಾದ್ದರಿಂದ ಕೂಲಿ ಮಾತ್ರ ಕೊಂಚ ಹೆಚ್ಚು. “ಇರೋದನ್ನ ಮೊದ್ಲು ವಾಪಸ್ ತಗೋ, ಇಲ್ಲದ್ದನ್ನ ಆಮೇಲೆ ಕೇಳು” ಎಂದರು ಮೇಸ್ತ್ರಿ. ಅಲ್ಲಿ ಕಳೆದ ಹೊತ್ತಿನಲ್ಲಿ ನನಗೆ ದಕ್ಕಿದ ಪಾಠವೆಲ್ಲ ಈ ಒಂದು ಮಾತಿನ ವಿವರಣೆ.

ಸೀಲಿನ ನಂತರ ರೀಡ್ ವಾಲ್ವು. ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವಿರುವ ಆ ಪುಟ್ಟ ಪೆಟ್ಟಿಗೆಯನ್ನು ಬಿಚ್ಚಿ, ಬೆಳಕಿಗೆ ಹಿಡಿದು ತೋರಿಸಿದರು. ತೆಳು ಉಕ್ಕಿನ ಎಲೆಯೊಂದರ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು. ಆ ಸಂದಿಯಿಂದ ಮಿಶ್ರಣ ಕಾರ್ಬುರೇಟರಿಗೆ ಹಿಮ್ಮೆಟ್ಟುತ್ತದೆ, ಕೆಳ ವೇಗದಲ್ಲಿ ಗಾಡಿ ಮುಗ್ಗರಿಸುತ್ತದೆ. ಇಷ್ಟಕ್ಕೆ ದುಬಾರಿ ರೇಸಿಂಗ್ ರೀಡ್ ಬೇಕಿಲ್ಲ, ಸಾಧಾರಣ ಎಲೆಯೇ ಸಾಕು.

ಬೋರಿಂಗ್ ಅಂಗಡಿಯ ಲೆಕ್ಕ

ಸಿಲಿಂಡರು ಚೀಲದಲ್ಲಿ ಹಾಕಿಕೊಂಡು ಎರಡು ಗಲ್ಲಿ ದಾಟಿದರೆ ಬೋರಿಂಗ್ ಅಂಗಡಿ. ಬಾಗಿಲಲ್ಲೇ ಲೇತಿನ ಸದ್ದು, ಕೂಲಂಟಿನ ವಾಸನೆ. ಗೋಡೆಗೊರಗಿಸಿದ ಸಿಲಿಂಡರುಗಳಿಗೆ ಚಾಕ್‌ಪೀಸಿನಲ್ಲಿ ಗುರುತು ಬರೆದಿದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಯೆಜ್ದಿ ಸಿಲಿಂಡರುಗಳು ಇಲ್ಲಿಗೆ ಬರುವುದು ನಿಂತಿಲ್ಲ. ಅವುಗಳ ಪಕ್ಕದಲ್ಲಿ ರಾಜ್‌ದೂತ್ 350ರ ಒಂದು ಜೋಡಿ. ಅದನ್ನು ಕಂಡಾಗ ಅಮೆರಿಕದ ಮರಳುದಿಬ್ಬಗಳಲ್ಲಿ ಓಡುವ ನಾಲ್ಕು ಚಕ್ರದ ಯಮಹಾ ಬ್ಯಾನ್ಶೀ ನೆನಪಾಯಿತು. ಅದರದು ನೀರಿನಲ್ಲಿ ತಣಿಯುವ ಇಂಜಿನ್, ನಮ್ಮ ರಾಜ್‌ದೂತಿನದು ಗಾಳಿಯಲ್ಲಿ. ಆದರೆ 64 ಮಿ.ಮೀ. ಬೋರು, 54 ಮಿ.ಮೀ. ಸ್ಟ್ರೋಕು, 347 ಸಿ.ಸಿ. ಎನ್ನುವ ಅಳತೆ ಎರಡಕ್ಕೂ ಒಂದೇ.

ಬೋರ್ ಹೊಡೆಸಿದರೆ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ಊರೂರಿನಲ್ಲೂ ಇದೆ. ಲೆಕ್ಕ ಹಾಕಿ ನೋಡಿ. ಆರ್‌ಎಕ್ಸ್ 100ರ ಬೋರು, ಸ್ಟ್ರೋಕು ಎರಡೂ 50 ಮಿ.ಮೀ. ಮೊದಲ ಓವರ್‌ಸೈಜ್ 0.25ಕ್ಕೆ ಹೊಡೆಸಿದರೆ ಹೆಚ್ಚುವುದು ಸುಮಾರು ಒಂದು ಸಿ.ಸಿ. ಪೂರ್ತಿ 1.00ಕ್ಕೆ ಹೋದರೂ ನಾಲ್ಕೇ ಸಿ.ಸಿ. ಲಾಭವಿರುವುದು ಬೇರೆ ಕಡೆ: ಸವೆದು ಅಂಡಾಕಾರವಾದ ಸಿಲಿಂಡರು ಮತ್ತೆ ದುಂಡಗಾಗುತ್ತದೆ, ರಿಂಗು ಸುತ್ತಲೂ ಕೂತು ಕಂಪ್ರೆಶನ್ ಹಿಡಿಯುತ್ತದೆ.

ಲೇತಿನ ಯಜಮಾನರು ಪಿಸ್ಟನ್ನನ್ನು ಮೈಕ್ರೋಮೀಟರಿನಲ್ಲಿ ಅಳೆದು, ಆ ಅಳತೆಗೆ ತಕ್ಕಂತೆ ಬೋರ್ ಮಾಡಿ, ಕೊನೆಯ ಕೂದಲೆಳೆಯನ್ನು ಹೋನಿಂಗ್ ಕಲ್ಲಿಗೆ ಬಿಟ್ಟರು. ಪಿಸ್ಟನ್ನು, ಗೋಡೆಯ ನಡುವಿನ ಸಂದಿ 0.04 ಮಿ.ಮೀ. ಆಸುಪಾಸು. ಇದಕ್ಕಿಂತ ಬಿಗಿಯಾದರೆ ಬಿಸಿಗೆ ಹಿಡಿದುಕೊಳ್ಳುತ್ತದೆ, ಸಡಿಲವಾದರೆ ಕಟಕಟ ಸದ್ದು. ಆಮೇಲೆ ರಿಂಗನ್ನು ಬರಿಯ ಸಿಲಿಂಡರಿಗಿಟ್ಟು, ಪಿಸ್ಟನ್ ತಲೆಯಿಂದ ನೇರಕ್ಕೆ ತಳ್ಳಿ, ಅದರ ಎರಡು ತುದಿಗಳ ನಡುವೆ ಫೀಲರ್ ಗೇಜಿನ ಪಟ್ಟಿ ತೂರಿಸಿ ನೋಡಿದರು. ನಂತರ ಅರದಿಂದ ಪೋರ್ಟುಗಳ ಅಂಚನ್ನು ಮೆಲ್ಲಗೆ ಮೊಂಡು ಮಾಡಿದರು. ಬೋರ್ ಮಾಡಿದಾಗ ಆ ಅಂಚುಗಳು ಚೂಪಾಗುತ್ತವೆ, ಹಾಗೇ ಬಿಟ್ಟರೆ ಹೊಸ ರಿಂಗು ಸಿಕ್ಕಿಕೊಂಡು ಮುರಿಯುತ್ತದೆ. ಎಷ್ಟೋ ಕಡೆ ಇದನ್ನು ಹೇಳಿಯೇ ಮಾಡಿಸಿಕೊಳ್ಳಬೇಕು.

ಹೆಡ್ ಕೆಳಭಾಗವನ್ನು ಲೇತಿನಲ್ಲಿ ಕೊಂಚ ಇಳಿಸಿದರೆ ಕಂಪ್ರೆಶನ್ ಏರುತ್ತದೆ. ಕಡಿಮೆ ಖರ್ಚಿನಲ್ಲಿ ನಿಜವಾಗಿ ಹೆಚ್ಚುವರಿ ಶಕ್ತಿ ಕೊಡುವ ಮೊದಲ ಕೆಲಸವಿದು. ಆದರೆ ಇಳಿಸುವ ಮುನ್ನ ಪ್ಲಗ್ ತೂತಿನಿಂದ ಸೀಸದ ಸೋಲ್ಡರ್ ತಂತಿ ಬಿಟ್ಟು ಗೋಡೆಗೆ ತಾಗಿಸಿ, ಕಿಕ್ಕರನ್ನು ಕೈಯಲ್ಲಿ ತಿರುಗಿಸಿ, ಜಜ್ಜಿಹೋದ ತುದಿಯ ದಪ್ಪ ಅಳೆಯುತ್ತಾರೆ. ಒಂದು ಮಿ.ಮೀ. ಆಸುಪಾಸಿಗೆ ಬಂದರೆ ಅಲ್ಲಿಗೆ ಕೈ ಬಿಡುವುದು ಜಾಣತನ.

ಹೊಗೆ ಹೋಗುವ ದಾರಿ

ಮುಂದಿನದು ಸೈಲೆನ್ಸರು. ಹೊಸದು ಕೊಳ್ಳುವ ಮುನ್ನ ಹಳೆಯದರ ಒಳಕೊಳವೆ ಎಳೆದು ನೋಡಿ. ವರ್ಷಗಟ್ಟಲೆ ಪೆಟ್ರೋಲಿನ ಜೊತೆ ಟೂಟಿ ಆಯಿಲ್ ಸುಟ್ಟ ಮಸಿ ತೂತುಗಳನ್ನೇ ಮುಚ್ಚಿರುತ್ತದೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ ತೊಳೆದರೆ ಎಷ್ಟೋ ಗಾಡಿಗಳು ಅಷ್ಟಕ್ಕೇ ಚುರುಕಾಗುತ್ತವೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲೇಬೇಕು.

ಹೊಟ್ಟೆ ಉಬ್ಬಿದ ಎಕ್ಸ್‌ಪ್ಯಾನ್ಶನ್ ಚೇಂಬರಿನ ಕಥೆ ಬೇರೆ. ಬಾವಿಗೆ ಬಗ್ಗಿ ಕೂಗಿದರೆ ದನಿ ಮರಳುವ ಹಾಗೆ, ಎಕ್ಸಾಸ್ಟಿನಿಂದ ಹೊರಟ ಒತ್ತಡದ ಅಲೆ ಚೇಂಬರಿನ ತುದಿಯ ಶಂಕುವಿಗೆ ಬಡಿದು ಹಿಂತಿರುಗುತ್ತದೆ. ಸರಿಯಾದ ಕ್ಷಣಕ್ಕೆ ಬಂದರೆ, ಹೊರಗೆ ತಪ್ಪಿಸಿಕೊಂಡ ತಾಜಾ ಮಿಶ್ರಣವನ್ನು ಮತ್ತೆ ಸಿಲಿಂಡರಿನೊಳಗೆ ದಬ್ಬುತ್ತದೆ. ಪೂರ್ವ ಜರ್ಮನಿಯ ಎಮ್‌ಝಡ್ ಕಂಪನಿಯ ವಾಲ್ಟರ್ ಕಾಡೆನ್ ಈ ವಿದ್ಯೆಯನ್ನು ಪಳಗಿಸಿ 1961ರ ಹೊತ್ತಿಗೆ 125 ಸಿ.ಸಿ.ಯಿಂದ 25 ಅಶ್ವಶಕ್ತಿ ತೆಗೆದಿದ್ದರು. ಅದೇ ವರ್ಷ ಅವರ ಸವಾರ ಎರ್ನ್ಸ್ಟ್ ಡೆಗ್ನರ್ ಆ ವಿದ್ಯೆಯ ಸಮೇತ ದೇಶ ಬಿಟ್ಟು ಸುಜುಕಿ ಸೇರಿದರು. 1962ರ 50 ಸಿ.ಸಿ. ವಿಶ್ವ ಪ್ರಶಸ್ತಿ ಸುಜುಕಿಯ ಪಾಲಾಯಿತು.

ಆ ಅಲೆ ಯಾವ ಆರ್‌ಪಿಎಮ್‌ಗೆ ಸರಿಯಾಗಿ ಮರಳುತ್ತದೆ ಎನ್ನುವುದು ಚೇಂಬರಿನ ಉದ್ದದ ಮೇಲಿದೆ. ಗಿಡ್ಡ ಚೇಂಬರು ಎತ್ತರದ ಆರ್‌ಪಿಎಮ್‌ಗೆ, ಉದ್ದದ್ದು ಕೆಳಗಿನದಕ್ಕೆ. ರೇಸಿಗೆ ಮಾಡಿದ್ದನ್ನು ಊರೊಳಗಿನ ಗಾಡಿಗೆ ಹಾಕಿದರೆ ಸಿಗ್ನಲ್ಲಿನಲ್ಲಿ ಸದ್ದು ಮಾತ್ರ ದೊಡ್ಡದು, ಎಳೆತ ಮೊದಲಿಗಿಂತ ಕಮ್ಮಿ. ಪೋರ್ಟುಗಳನ್ನು ಉಜ್ಜಿ ಹಿಗ್ಗಿಸುವ ಪೋರ್ಟಿಂಗಿಗೂ ಇದೇ ನ್ಯಾಯ. ಈ ಇಂಜಿನ್ನಿನ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಒಂದು ಮಿ.ಮೀ. ಎತ್ತರಿಸಿದರೆ ಅದು ತೆರೆದಿರುವ ಅವಧಿ ಸುಮಾರು ನಾಲ್ಕೂವರೆ ಡಿಗ್ರಿ ಹೆಚ್ಚುತ್ತದೆ. ಮೇಲಿನ ವೇಗ ಸಿಗುತ್ತದೆ, ಘಾಟಿ ಹತ್ತುವ ಕೆಳಗಿನ ಶಕ್ತಿ ಕೈಬಿಡುತ್ತದೆ. ಒಮ್ಮೆ ಉಜ್ಜಿದ ಲೋಹ ಮತ್ತೆ ಬೆಳೆಯುವುದಿಲ್ಲ. ಹಾಸನದ ಹುಡುಗನ ಊರ ದಾರಿಯೆಲ್ಲ ಏರು ಎಂದು ಕೇಳಿ ತಿಳಿದ ಮೇಲೆ ಮೇಸ್ತ್ರಿ ಪೋರ್ಟು ಮುಟ್ಟಲು ಒಪ್ಪಲಿಲ್ಲ. ಅದರ ಬದಲು ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಇಳಿಸುವ ಸಲಹೆ ಕೊಟ್ಟರು. 14ರ ಜಾಗದಲ್ಲಿ 13 ಬಂದರೆ ಚಕ್ರಕ್ಕೆ ಸಿಗುವ ಎಳೆತ ಶೇ. 7ಕ್ಕಿಂತ ಹೆಚ್ಚು ಏರುತ್ತದೆ, ಗರಿಷ್ಠ ವೇಗ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ.

ಜೆಟ್ಟು ಮತ್ತು ಪ್ಲಗ್ಗು

ಸೈಲೆನ್ಸರೋ ಫಿಲ್ಟರೋ ಬದಲಾದ ಮೇಲೆ ಕಾರ್ಬುರೇಟರಿನ ಮೇನ್ ಜೆಟ್ ಹಳೆಯದೇ ಉಳಿದರೆ ಇಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ. ಅಗ್ಗದ ಮಾರ್ಪಾಡುಗಳು ದುಬಾರಿಯಾಗುವುದು ಇಲ್ಲೇ. ಮೇಸ್ತ್ರಿಗಳ ಕ್ರಮ ಹೀಗಿದೆ: ಮೊದಲು ದೊಡ್ಡ ಜೆಟ್ ಹಾಕಿ, ಖಾಲಿ ರಸ್ತೆಯಲ್ಲಿ ಥ್ರಾಟಲ್ ಪೂರ್ತಿ ತೆರೆದು ಓಡಿಸಿ, ಒಮ್ಮೆಲೇ ಇಂಜಿನ್ ಆರಿಸಿ ಕ್ಲಚ್ ಹಿಡಿದು ನಿಲ್ಲಿಸುವುದು. ನಂತರ ಪ್ಲಗ್ ಬಿಚ್ಚಿ ನೋಡುವುದು. ಕಪ್ಪಗೆ ಒದ್ದೆಯಿದ್ದರೆ ಒಂದು ನಂಬರು ಇಳಿಸುವುದು, ಕಂದು ಬಂದಾಗ ನಿಲ್ಲಿಸುವುದು, ಬಿಳಿಚಿಕೊಂಡಿದ್ದರೆ ತಕ್ಷಣ ಏರಿಸುವುದು. ಹಣ ಉಳಿಸಲು ಆಯಿಲ್ ಪಂಪ್ ಕಿತ್ತು ಟೂಟಿ ಆಯಿಲನ್ನು ಅಂದಾಜಿಗೆ ಪೆಟ್ರೋಲಿಗೆ ಸುರಿಯುವವರೂ ಇದ್ದಾರೆ. ಥ್ರಾಟಲ್ ತೆರೆದಷ್ಟೂ ಆಯಿಲ್ ಹೆಚ್ಚಿಸುವ ಆ ಪಂಪು ಸರಿಯಿದ್ದರೆ ಅದನ್ನು ಉಳಿಸಿಕೊಳ್ಳುವುದೇ ಉಳಿತಾಯ.

ಇಷ್ಟೆಲ್ಲ ಮಾಡಿಸುವ ಮುನ್ನ ಕಾನೂನನ್ನೂ ನೆನೆಯಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಗಾಡಿಯ ಮೂಲ ವಿವರಗಳನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಕರ್ಕಶ ಸೈಲೆನ್ಸರುಗಳನ್ನು ವಶಪಡಿಸಿಕೊಂಡು ಪೊಲೀಸರು ರೋಡ್ ರೋಲರ್ ಹರಿಸುವುದು ನಮ್ಮ ಊರುಗಳಿಗೆ ಹೊಸತೇನಲ್ಲ. ಚೇಂಬರು, ಪೋರ್ಟಿಂಗುಗಳ ಜಾಗ ರೇಸ್ ಟ್ರ್ಯಾಕು. ಸೀಲು, ರಿಂಗು, ರೀಡು, ಸ್ವಚ್ಛ ಸೈಲೆನ್ಸರಿಗೆ ಯಾರ ತಕರಾರೂ ಇಲ್ಲ.

ಹೋಗುವವರಿಗೆ

ಹಸಿರು ಮಾರ್ಗದ ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಿಂದ ಜೆ.ಸಿ. ರಸ್ತೆಗೆ ನಡೆದೇ ಹೋಗಬಹುದು. ಭಾನುವಾರ ಬಹಳಷ್ಟು ಅಂಗಡಿಗಳಿಗೆ ರಜೆ. ಹಳೆಯ ಸಾಮಾನನ್ನು ಸ್ಯಾಂಪಲ್ಲಿಗೆ ಜೊತೆಗಿಟ್ಟುಕೊಳ್ಳಿ. ಮೊದಲ ಅಂಗಡಿಯ ಬೆಲೆಗೆ ಒಪ್ಪಬೇಡಿ. ಸೀಲು, ಪಿಸ್ಟನ್, ರಿಂಗು ಮೂರರಲ್ಲಿ ಲೋಕಲ್ ಬೇಡ, ಉಳಿದದ್ದರಲ್ಲಿ ಚೌಕಾಶಿ ಮಾಡಿ. ಪಟ್ಟಿಯ ಕೊನೆಗೆ ಬ್ರೇಕ್ ಶೂ ಬರೆದುಕೊಳ್ಳಿ. ಆರ್‌ಎಕ್ಸ್ 100ಕ್ಕೆ ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕು, 11 ಅಶ್ವಶಕ್ತಿಗೆಂದು ಮಾಡಿದ್ದು. ಬ್ರೇಕು ಹಿಡಿಯದ ಗಾಡಿಯನ್ನು ಎಷ್ಟು ದುಡ್ಡು ಕೊಟ್ಟರೂ ಆ ಮೇಸ್ತ್ರಿ ಗಿರಾಕಿಯ ಕೈಗೆ ಕೊಡುವುದಿಲ್ಲ.