ಮನೆಯ ಧ್ವನಿಮುದ್ರಣಕ್ಕೆ ಎಂಥ ಸ್ಪೀಕರ್? ಎಷ್ಟು ವ್ಯಾಟ್?

ಒಂದು ಕಂಪ್ಯೂಟರ್, ಒಂದು ಮೈಕ್ ಮತ್ತು ಅವೆರಡನ್ನು ಜೋಡಿಸುವ ಚಿಕ್ಕ ಆಡಿಯೋ ಇಂಟರ್‌ಫೇಸ್ ಇದ್ದರೆ ಇಂದು ಮನೆಯ ಕೋಣೆಯಲ್ಲೇ ಧ್ವನಿಮುದ್ರಣ ಸಾಧ್ಯ. ಭಾವಗೀತೆ, ಗಮಕ, ಅಜ್ಜಿ ಹಾಡುವ ಸೋಬಾನೆ ಪದ, ಮಕ್ಕಳಿಗೆ ಪಾಠ - ಹೀಗೆ ಹಲವರು ಹಲವು ಬಗೆಯ ಮುದ್ರಣ ಮಾಡುತ್ತಿದ್ದಾರೆ. ತೊಡಕು ಬರುವುದು ಮುದ್ರಿಸಿದ್ದನ್ನು ಕೇಳಿ ತಿದ್ದುವಾಗ. ನಮ್ಮ ಮನೆಯಲ್ಲಿ ಸೊಗಸಾಗಿ ಕೇಳಿಸಿದ ಹಾಡು ಬೇರೆಯವರ ಮನೆಯಲ್ಲಿ ಗೊಗ್ಗರಾಗಿಯೋ ಕೀರಲಾಗಿಯೋ ಕೇಳಿಸುತ್ತದೆ. ಇದಕ್ಕೆ ಕಾರಣವೇನು? ನಾವು ತಿದ್ದಿದ್ದು ಹಾಡನ್ನಲ್ಲ, ನಮ್ಮ ಸ್ಪೀಕರಿನ ದೋಷವನ್ನು. ಸ್ಪೀಕರ್ ಮಂದ್ರ ಸ್ವರಗಳನ್ನು ಹೆಚ್ಚಿಸಿ ಕೊಟ್ಟರೆ ನಾವು ಅವನ್ನು ತಗ್ಗಿಸುತ್ತೇವೆ. ಬೇರೆ ಕಡೆ ಕೇಳಿದಾಗ ಆ ಸ್ವರಗಳೇ ಇರುವುದಿಲ್ಲ. ಆದ್ದರಿಂದ ಕಡಿಮೆ ಹಣದಲ್ಲಿ ತಕ್ಕ ಸ್ಪೀಕರ್ ಮತ್ತು ಆಂಪ್ಲಿಫೈಯರ್ ಆರಿಸುವುದು ಹೇಗೆಂದು ತಿಳಿಯಬೇಕಾಗುತ್ತದೆ.

ಮಾನಿಟರ್ ಎಂದರೇನು?

ಧ್ವನಿಮುದ್ರಣವನ್ನು ಪರಿಶೀಲಿಸಲು ಬಳಸುವ ಸ್ಪೀಕರಿಗೆ ಮಾನಿಟರ್ ಎನ್ನುತ್ತಾರೆ. ಸಾಮಾನ್ಯ ಸ್ಪೀಕರಿನ ಗುರಿ ಕೇಳುಗನಿಗೆ ಹಿತವೆನಿಸುವುದು. ಮಾನಿಟರಿನ ಗುರಿ ಇದ್ದುದನ್ನು ಇದ್ದಂತೆ ಹೇಳುವುದು. ತನಗೆ ಬಂದ ವಿದ್ಯುತ್ ಸಂಕೇತದಲ್ಲಿ ಯಾವ ಆವೃತ್ತಿ ಎಷ್ಟಿದೆಯೋ ಅಷ್ಟನ್ನೇ ಅದು ಶಬ್ದವಾಗಿ ಹೊರಡಿಸಬೇಕು.

ಯಾಮಹಾ ಕಂಪನಿಯ ಎನ್‌ಎಸ್-10 ಎಂಬ ಬಿಳಿ ಕೋನಿನ ಸ್ಪೀಕರ್ 1978ರಲ್ಲಿ ಗೃಹಬಳಕೆಗೆಂದು ಮಾರುಕಟ್ಟೆಗೆ ಬಂದಿತು. ಮುಂದೆ ಅದು ಪ್ರಪಂಚದಾದ್ಯಂತ ಸ್ಟುಡಿಯೋಗಳ ಮೇಜಿನ ಮೇಲೆ ಕಾಣಿಸಿಕೊಂಡಿತು. 2001ರಲ್ಲಿ ತಯಾರಿಕೆ ನಿಂತ ಮೇಲೂ ಹಳೆಯವನ್ನು ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಅದರ ಶಬ್ದ ಹಿತವಾಗಿದೆ ಎಂದು ಹೊಗಳುವವರು ಕಡಿಮೆ. ಕಂಠ ಮತ್ತು ವಾದ್ಯಗಳು ನೆಲೆಸಿರುವ ಮಧ್ಯದ ಆವೃತ್ತಿಗಳನ್ನು ಅದು ಎದ್ದು ಕಾಣುವಂತೆ ಮಾಡುತ್ತದೆ. ಅಲ್ಲಿನ ದೋಷ ಅಡಗಿ ಕೂರಲಾರದು. ಅದರ ಮುಚ್ಚಿದ ಪೆಟ್ಟಿಗೆಯಲ್ಲಿ ಮಂದ್ರ ಶಬ್ದವು ಸಂಕೇತ ನಿಂತ ಕೂಡಲೇ ನಿಲ್ಲುತ್ತದೆ. ಈ ಕಾರಣಗಳಿಗಾಗಿ ತಂತ್ರಜ್ಞರು ಅದನ್ನು ನಂಬಿದರು.

ವಿವರಪಟ್ಟಿಯನ್ನು ಓದುವ ಬಗೆ

'20ರಿಂದ 20,000 ಹರ್ಟ್ಸ್' ಎಂದಷ್ಟೇ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಆ ವ್ಯಾಪ್ತಿಯಲ್ಲಿ ಶಬ್ದಮಟ್ಟ ಎಷ್ಟು ಡೆಸಿಬೆಲ್ ಏರಿಳಿಯುತ್ತದೆ ಎಂಬುದನ್ನೂ ಹೇಳಿರಬೇಕು. 3 ಡೆಸಿಬೆಲ್ ಇಳಿದರೆ ಶಬ್ದದ ಸಾಮರ್ಥ್ಯ ಅರ್ಧವಾಯಿತೆಂದು ಅರ್ಥ. 10 ಡೆಸಿಬೆಲ್ ಇಳಿದರೆ ಹತ್ತನೆಯ ಒಂದು ಭಾಗ ಮಾತ್ರ ಉಳಿಯಿತು.

ಐದು ಅಂಗುಲದ ಕೋನ್ ಇರುವ ಯಾಮಹಾ ಎಚ್‌ಎಸ್5 ಮಾನಿಟರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಪಟ್ಟಿಯಲ್ಲಿ ಎರಡು ವ್ಯಾಪ್ತಿಗಳಿವೆ: 3 ಡೆಸಿಬೆಲ್ ಇಳಿಕೆಗೆ 74 ಹರ್ಟ್ಸ್‌ನಿಂದ 24 ಕಿಲೋಹರ್ಟ್ಸ್, 10 ಡೆಸಿಬೆಲ್ ಇಳಿಕೆಗೆ 54 ಹರ್ಟ್ಸ್‌ನಿಂದ 30 ಕಿಲೋಹರ್ಟ್ಸ್. ಹಾರ್ಮೋನಿಯಂನ 'ಬಿಳಿ ಒಂದು' ಶ್ರುತಿಯಲ್ಲಿ ಹಾಡುವ ಗಾಯಕರ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್. ತಂಬೂರಿಯ ಮಂದ್ರ ಷಡ್ಜ ಅದರ ಅರ್ಧ, ಎಂದರೆ ಸುಮಾರು 65 ಹರ್ಟ್ಸ್. ಕಂಠ ಈ ಸ್ಪೀಕರಿನಲ್ಲಿ ಪೂರ್ತಿ ಸಿಗುತ್ತದೆ. ತಂಬೂರಿಯ ಮಂದ್ರ ತಂತಿಯ ಮೂಲಸ್ವರ ಮಾತ್ರ ತಗ್ಗಿ ಬರುತ್ತದೆ. ಆದರೂ ನಮಗೆ ಕೊರತೆ ತಿಳಿಯುವುದಿಲ್ಲ. ಮೂಲಸ್ವರ ಕ್ಷೀಣಿಸಿದರೂ ಅದರ ಉಪಸ್ವರಗಳನ್ನು ಕೇಳಿ ಮಿದುಳು ಅದೇ ಶ್ರುತಿಯನ್ನು ಗ್ರಹಿಸುತ್ತದೆ.

ಈ ಸೌಲಭ್ಯದಲ್ಲೇ ಒಂದು ಅಪಾಯವೂ ಇದೆ. ನಮ್ಮ ವಿದ್ಯುತ್ ಪೂರೈಕೆಯ ಆವೃತ್ತಿ 50 ಹರ್ಟ್ಸ್. ಮುದ್ರಣದಲ್ಲಿ ಆ ಗುಂಯ್ ಎನ್ನುವ ಸದ್ದು, ಮೈಕಿನ ಕಂಬ ಅಲುಗಿದ ದಢ್ ಸದ್ದು, 'ಪ' 'ಬ' ಅಕ್ಷರಗಳ ಉಸಿರು ಮೈಕಿಗೆ ಬಡಿದ ಸದ್ದು ಸೇರಿದ್ದರೆ ಚಿಕ್ಕ ಸ್ಪೀಕರ್ ಅವನ್ನು ಮರೆಮಾಚುತ್ತದೆ. ದೊಡ್ಡ ಸ್ಪೀಕರ್ ಇರುವವರ ಮನೆಯಲ್ಲಿ ಅದು ಬಯಲಾಗುತ್ತದೆ. ಇದಕ್ಕೆ ಅಗ್ಗದ ಪರಿಹಾರವುಂಟು. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ. ಉಚಿತವಾಗಿ ದೊರೆಯುವ ಆಡಾಸಿಟಿಯಂಥ ತಂತ್ರಾಂಶದಲ್ಲಿ ಮುದ್ರಣದ ರೋಹಿತವನ್ನು ತೆರೆದು, 50 ಮತ್ತು 100 ಹರ್ಟ್ಸ್‌ನಲ್ಲಿ ಮೊನೆ ಎದ್ದಿದೆಯೇ ನೋಡಿ.

ವ್ಯಾಟ್‌ಗಳ ಲೆಕ್ಕ

ಪೆಟ್ಟಿಗೆಯ ಮೇಲೆ '1000 ವ್ಯಾಟ್ ಪಿ.ಎಂ.ಪಿ.ಒ.' ಎಂದು ದೊಡ್ಡಕ್ಷರದಲ್ಲಿ ಬರೆದಿರುವುದನ್ನು ಅನೇಕರು ನೋಡಿರಬಹುದು. ಈ ಅಳತೆಗೆ ಎಲ್ಲರೂ ಒಪ್ಪಿದ ವ್ಯಾಖ್ಯೆಯೇ ಇಲ್ಲ. ಅದೇ ಉಪಕರಣದ ಹಿಂಬದಿಯಲ್ಲಿ ವಿದ್ಯುತ್ ಬಳಕೆ 60 ವ್ಯಾಟ್ ಎಂದಿದ್ದರೆ, 60 ವ್ಯಾಟ್ ಪಡೆದು 1000 ವ್ಯಾಟನ್ನು ನಿರಂತರವಾಗಿ ಕೊಡುವುದು ಶಕ್ತಿ ಸಂರಕ್ಷಣ ನಿಯಮಕ್ಕೆ ವಿರುದ್ಧ. ನೋಡಬೇಕಾದದ್ದು ಆರ್.ಎಂ.ಎಸ್. ಎಂದು ನಮೂದಿಸಿದ ನಿರಂತರ ಸಾಮರ್ಥ್ಯವನ್ನು.

ನಮಗೆ ನಿಜವಾಗಿ ಎಷ್ಟು ಬೇಕು? ಸ್ಪೀಕರಿನ 'ಸೆನ್ಸಿಟಿವಿಟಿ' ಅಂಕಿಯನ್ನು ಗಮನಿಸಿ. ಅದು 87 ಡೆಸಿಬೆಲ್ ಎಂದಿದ್ದರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 87 ಡೆಸಿಬೆಲ್ ಶಬ್ದ ಬರುತ್ತದೆ ಎಂದರ್ಥ. ಎರಡು ಸ್ಪೀಕರ್‌ಗಳಿದ್ದರೆ ಸುಮಾರು 3 ಡೆಸಿಬೆಲ್ ಕೂಡಿ 90 ಆಗುತ್ತದೆ. ಕೋಣೆಯಲ್ಲಿ ಕೂತು ಕೆಲಸ ಮಾಡಲು 80 ಡೆಸಿಬೆಲ್ ಸಾಕು. ಅಂದರೆ ಒಂದೊಂದು ಸ್ಪೀಕರಿಗೆ ಬೇಕಾದದ್ದು ಬರೀ 0.1 ವ್ಯಾಟ್! ಆದರೆ ಮೃದಂಗದ ಪೆಟ್ಟು, ತಾರಸ್ಥಾಯಿಯ ಆಲಾಪಗಳಂಥ ಕ್ಷಣಿಕ ಏರುಗಳು ಸರಾಸರಿಗಿಂತ 20 ಡೆಸಿಬೆಲ್ ಮೇಲಕ್ಕೆ ಹೋಗಬಹುದು. 20 ಡೆಸಿಬೆಲ್ ಎಂದರೆ ಸಾಮರ್ಥ್ಯದಲ್ಲಿ 100 ಪಟ್ಟು. ಆಗ 10 ವ್ಯಾಟ್ ಬೇಕು. ಕೂರುವ ಜಾಗ ಸ್ವಲ್ಪ ಹಿಂದಿದ್ದರೆ 20 ವ್ಯಾಟ್. ಹೀಗಾಗಿ ಒಂದೊಂದು ಬದಿಗೆ 30ರಿಂದ 50 ವ್ಯಾಟ್ ಆರ್.ಎಂ.ಎಸ್. ಇರುವ ಆಂಪ್ಲಿಫೈಯರ್ ಮನೆಗೆ ಧಾರಾಳವಾಯಿತು. 50ರ ಬದಲು 100 ವ್ಯಾಟ್ ಕೊಂಡರೆ ಹೆಚ್ಚುವರಿಯಾಗಿ ಸಿಗುವುದು 3 ಡೆಸಿಬೆಲ್ ಮಾತ್ರ. ಆ ಹಣವನ್ನು ಉತ್ತಮ ಸ್ಪೀಕರಿಗೆ ಹಾಕುವುದು ಲೇಸು.

ಆಂಪ್ಲಿಫೈಯರ್ ಒಳಗೋ ಹೊರಗೋ?

ಈಗ ಹೆಚ್ಚಾಗಿ ದೊರೆಯುವುದು ಆಂಪ್ಲಿಫೈಯರನ್ನು ಪೆಟ್ಟಿಗೆಯೊಳಗೇ ಇರಿಸಿದ 'ಆಕ್ಟಿವ್' ಮಾನಿಟರ್. ಮೇಲೆ ಹೇಳಿದ ಎಚ್‌ಎಸ್5ರಲ್ಲಿ ದೊಡ್ಡ ಕೋನಿಗೆ 45 ವ್ಯಾಟ್, ಚಿಕ್ಕ ಟ್ವೀಟರಿಗೆ 25 ವ್ಯಾಟ್‌ಗಳ ಪ್ರತ್ಯೇಕ ಆಂಪ್ಲಿಫೈಯರ್‌ಗಳಿವೆ. ಯಾವುದಕ್ಕೆ ಎಷ್ಟು ಎಂಬ ಹೊಂದಾಣಿಕೆ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಹೊಸದಾಗಿ ಎಲ್ಲವನ್ನೂ ಕೊಳ್ಳುವವರಿಗೆ ಇದೇ ಸುಲಭ.

ಮನೆಯಲ್ಲಿ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್ ಸುಸ್ಥಿತಿಯಲ್ಲಿದ್ದರೆ ಆಂಪ್ಲಿಫೈಯರ್ ಇಲ್ಲದ 'ಪ್ಯಾಸಿವ್' ಸ್ಪೀಕರ್‌ಗಳನ್ನು ಅದಕ್ಕೆ ಜೋಡಿಸಿ ಹಣ ಉಳಿಸಬಹುದು. ಆಗ ಕೆಲವು ಎಚ್ಚರಿಕೆಗಳು ಬೇಕು.

ಮೊದಲನೆಯದು ಓಮ್ ಲೆಕ್ಕ. 20 ವೋಲ್ಟ್ ಕೊಡುವ ಆಂಪ್ಲಿಫೈಯರ್ 8 ಓಮ್ ಸ್ಪೀಕರಿಗೆ 2.5 ಆಂಪಿಯರ್ ಹರಿಸುತ್ತದೆ. ಸಾಮರ್ಥ್ಯ 50 ವ್ಯಾಟ್. ಅದೇ ವೋಲ್ಟ್‌ನಲ್ಲಿ 4 ಓಮ್ ಸ್ಪೀಕರ್ 5 ಆಂಪಿಯರ್ ಎಳೆಯುತ್ತದೆ. ಅಷ್ಟನ್ನು ತಾಳುವಂತೆ ರಚಿಸಿಲ್ಲದ ಆಂಪ್ಲಿಫೈಯರ್ ಕಾದು ಕೆಡುತ್ತದೆ. ಆಂಪ್ಲಿಫೈಯರಿನ ಹಿಂದೆ ಬರೆದ ಕನಿಷ್ಠ ಓಮ್‌ಗಿಂತ ಕಡಿಮೆಯ ಸ್ಪೀಕರ್ ಬೇಡ. ಎರಡನೆಯದಾಗಿ, ಬಾಸ್ ಮತ್ತು ಟ್ರೆಬಲ್ ತಿರುಪುಗಳನ್ನು ನಡುವೆ ನಿಲ್ಲಿಸಿ, 'ಲೌಡ್‌ನೆಸ್' ಗುಂಡಿಯನ್ನು ಆರಿಸಿ. ಅದು ಮಂದ್ರ ಮತ್ತು ತಾರ ಆವೃತ್ತಿಗಳನ್ನು ಕೃತಕವಾಗಿ ಉಬ್ಬಿಸುತ್ತದೆ. ಮೂರನೆಯದಾಗಿ, ದುಬಾರಿ ಸ್ಪೀಕರ್ ವೈರಿಗೆ ಮರುಳಾಗಬೇಡಿ. 1.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ವೈರಿನಲ್ಲಿ 5 ಮೀಟರ್ ಹೋಗಿ ಬರುವಷ್ಟು ಉದ್ದಕ್ಕೆ ರೋಧ ಸುಮಾರು 0.12 ಓಮ್. 8 ಓಮ್ ಎದುರು ಅದು ನಗಣ್ಯ.

ಗುಂಯ್ ಸದ್ದು ಬಂದರೆ ಕೆಲವರು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ತೆಗೆದುಬಿಡುತ್ತಾರೆ. ಇದು ಪ್ರಾಣಕ್ಕೆ ಅಪಾಯ. ಒಳಗಿನ ವೈರು ಸಡಿಲಾಗಿ ಲೋಹದ ಕವಚಕ್ಕೆ ತಾಗಿದಾಗ ನಮ್ಮನ್ನು ಕಾಯುವುದು ಅದೇ ಪಿನ್. ಬದಲಿಗೆ ಕಂಪ್ಯೂಟರ್ ಮತ್ತು ಸ್ಪೀಕರ್‌ಗಳನ್ನು ಒಂದೇ ಬೋರ್ಡಿನಿಂದ ನಡೆಸಿ, 'ಬ್ಯಾಲೆನ್ಸ್‌ಡ್' ಕೇಬಲ್ ಬಳಸಿ.

ಕೋಣೆಯೂ ಒಂದು ಉಪಕರಣ

ಎಷ್ಟೇ ಒಳ್ಳೆಯ ಸ್ಪೀಕರ್ ತಂದರೂ ನಾವು ಕೇಳುವುದು ಸ್ಪೀಕರ್ ಮತ್ತು ಕೋಣೆ ಎರಡನ್ನೂ ಸೇರಿಸಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. 10 ಅಡಿ ಅಂತರದ ಎರಡು ಗೋಡೆಗಳ ನಡುವೆ 56 ಹರ್ಟ್ಸ್‌ನ ಅಲೆ ಹಿಂದೆ ಮುಂದೆ ಬಡಿದು ಸ್ಥಾಯಿ ತರಂಗವಾಗುತ್ತದೆ. 12 ಅಡಿಯಾದರೆ 47 ಹರ್ಟ್ಸ್. ಗೋಡೆಯ ಬಳಿ ಆ ಸ್ವರ ಗುಡುಗುತ್ತದೆ, ನಟ್ಟನಡುವೆ ಮಾಯವಾಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಸಮನಾದ ಕೋಣೆಯಲ್ಲಿ ಈ ತೊಂದರೆ ಒಂದೇ ಆವೃತ್ತಿಯಲ್ಲಿ ಗುಡ್ಡೆಯಾಗುವುದರಿಂದ ಅಂಥ ಕೋಣೆ ಬೇಡ.

ಸ್ಪೀಕರಿನ ಹಿಂದಿನ ಗೋಡೆಯೂ ಆಟವಾಡುತ್ತದೆ. ಅದು 86 ಸೆಂಟಿಮೀಟರ್ ದೂರವಿದ್ದರೆ, ಗೋಡೆಗೆ ಬಡಿದು ಮರಳುವ ಶಬ್ದ 1.72 ಮೀಟರ್ ಹೆಚ್ಚು ದಾರಿ ಸವೆಸುತ್ತದೆ. 100 ಹರ್ಟ್ಸ್‌ನ ತರಂಗದೂರ 3.44 ಮೀಟರ್; ಇದು ಅದರ ಸರಿಯಾಗಿ ಅರ್ಧ. ಆದ್ದರಿಂದ ನೇರ ಶಬ್ದ ಮತ್ತು ಪ್ರತಿಫಲಿತ ಶಬ್ದ ಒಂದನ್ನೊಂದು ಕಡಿದುಹಾಕುತ್ತವೆ. ಸ್ಪೀಕರನ್ನು ಗೋಡೆಗೆ ಹತ್ತಿರ ತಂದರೆ ಈ ಹಳ್ಳ ಮೇಲಿನ ಆವೃತ್ತಿಗೆ ಸರಿಯುತ್ತದೆ, ಮಂದ್ರ ಉಬ್ಬುತ್ತದೆ. ಉಬ್ಬನ್ನು ತಗ್ಗಿಸುವ ಸ್ವಿಚ್ ಹಲವು ಮಾನಿಟರ್‌ಗಳ ಹಿಂಬದಿಯಲ್ಲಿರುತ್ತದೆ.

ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗಲಿ. ಟ್ವೀಟರ್ ಕಿವಿಯ ಎತ್ತರದಲ್ಲಿರಲಿ. ಕೂತಲ್ಲಿಂದಲೇ ನೋಡುತ್ತಾ, ಒಬ್ಬರಿಂದ ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸಲು ಹೇಳಿ. ಅದರಲ್ಲಿ ಸ್ಪೀಕರ್ ಕಂಡ ಜಾಗವೇ ಪ್ರತಿಫಲನದ ಜಾಗ. ಅಲ್ಲಿ ದಪ್ಪ ಕೌದಿಗಳನ್ನು ಮಡಿಸಿ ತೂಗುಹಾಕಿ, ಇಲ್ಲವೇ ಹತ್ತಿಯ ಹಾಸಿಗೆಯನ್ನು ನಿಲ್ಲಿಸಿ. ಮೊಟ್ಟೆಯ ಟ್ರೇ ಅಂಟಿಸಿದರೆ ಮಂದ್ರ ಶಬ್ದ ತಗ್ಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಮೀಟರುಗಟ್ಟಲೆ ಉದ್ದದ ಅಲೆಯನ್ನು ತೆಳುವಾದ ರಟ್ಟು ಹೀರಲಾರದು.

ಕೊಳ್ಳುವ ಮುನ್ನ

ನೀವು ಚೆನ್ನಾಗಿ ಬಲ್ಲ ಮೂರು ಮುದ್ರಣಗಳನ್ನು ಅಂಗಡಿಗೆ ಒಯ್ಯಿರಿ: ಒಂದು ಬರೀ ಕಂಠ, ಒಂದು ತಂಬೂರಿ ಮತ್ತು ಮೃದಂಗ, ಇನ್ನೊಂದು ನಿಮ್ಮದೇ ಮುದ್ರಣ. ಹೋಲಿಸುವಾಗ ಎಲ್ಲ ಸ್ಪೀಕರ್‌ಗಳ ಶಬ್ದಮಟ್ಟ ಒಂದೇ ಇರಲಿ. ತುಸು ಜೋರಾಗಿದ್ದುದೇ ಮೇಲೆನಿಸುವುದು ಕಿವಿಯ ಸ್ವಭಾವ. ಮಟ್ಟ ಬದಲಾದಂತೆ ಮಂದ್ರ ಸ್ವರಗಳನ್ನು ಕಿವಿ ಗ್ರಹಿಸುವ ರೀತಿಯೂ ಬದಲಾಗುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಆದ್ದರಿಂದ ಮನೆಯಲ್ಲೂ ಒಂದೇ ಹದದ ಮಟ್ಟದಲ್ಲಿ ಕೆಲಸ ಮಾಡಿ. 85 ಡೆಸಿಬೆಲ್ ಶಬ್ದಕ್ಕೆ ದಿನಕ್ಕೆ 8 ಗಂಟೆ ಮಿತಿ ಎಂದು ತಜ್ಞರು ಹೇಳುತ್ತಾರೆ. ಪ್ರತಿ 3 ಡೆಸಿಬೆಲ್ ಏರಿದಂತೆ ಅದು ಅರ್ಧವಾಗುತ್ತಾ 100 ಡೆಸಿಬೆಲ್‌ಗೆ ಕಾಲು ಗಂಟೆಗಿಳಿಯುತ್ತದೆ. ಸ್ಪೀಕರ್ ಕೆಟ್ಟರೆ ಬದಲಾಯಿಸಬಹುದು, ಕಿವಿಯೊಳಗಿನ ರೋಮಕೋಶಗಳು ಸತ್ತರೆ ಮತ್ತೆ ಬೆಳೆಯುವುದಿಲ್ಲ.